ರಾಯಭಾರಿಯ ಮನೆ: ಲೇಡಿ ಮೇರಿ ಮಾಂಟೇಗುವಿನ ತುರ್ಕಿಯ ಕಾಗದಗಳು

ತಾನಾಗಿ ಹೊರಟ ಪ್ರವಾಸಿಯು ಬರೆದ ಗ್ರಂಥಕ್ಕೂ, ಮತ್ತೊಬ್ಬರ ಉದ್ಯೋಗದ ಬೆನ್ನು ಹಿಡಿದು ಹೊರಡಬೇಕಾಗಿ ಬಂದವರು ಬರೆದ ಗ್ರಂಥಕ್ಕೂ ಬಹಳ ಅಂತರವುಂಟು. ಮೊದಲನೆಯವನಿಗೆ ದಾರಿಯೇ ಸರ್ವಸ್ವ. ಬೇಸರವಾದರೆ ಅವನು ಹಿಂದಿರುಗಬಹುದು. ಎರಡನೆಯವರಿಗಾದರೋ ದಾರಿ ಮುಗಿದಲ್ಲಿ ಒಲೆ ಹೂಡುವ ಕೆಲಸ ಕಾದಿರುತ್ತದೆ. ಅರಿಯದ ಊರಿನಲ್ಲಿ ಮಕ್ಕಳಿಗೆ ಹಾಲು ಹುಡುಕಬೇಕು, ದಾದಿಯ ನುಡಿಯನ್ನು ಕಲಿಯಬೇಕು, ಅಲ್ಲಿಯ ಜ್ವರಗಳ ಹೆಸರನ್ನು ತಿಳಿಯಬೇಕು. ಇವೆಲ್ಲವೂ ಒಂದು ಹದಕ್ಕೆ ಬರುವಷ್ಟರಲ್ಲಿ ರಾಜಧಾನಿಯಿಂದ ಅಪ್ಪಣೆ ಬಂದು ಗಂಟುಮೂಟೆ ಕಟ್ಟಬೇಕು. ಸರಕಾರದ ಕಾಗದಪತ್ರಗಳಲ್ಲಿ ಈ ಎರಡನೆಯ ಬಗೆಯ ಸಂಸಾರದ ಸುದ್ದಿ ಬರುವುದಿಲ್ಲ. ಸಾಹಿತ್ಯದಲ್ಲಿಯೂ ಅಪೂರ್ವವಾಗಿಯೇ ಬಂದಿದೆ. ಅಂಥ ಅಪೂರ್ವ ಗ್ರಂಥಗಳಲ್ಲಿ ಲೇಡಿ ಮೇರಿ ವರ್ಟ್ಲಿ ಮಾಂಟೇಗು ಎಂಬ ಆಂಗ್ಲ ವಿದುಷಿಯ ತುರ್ಕಿಯ ಕಾಗದಗಳು ಅಗ್ರಗಣ್ಯವಾದುವು. ಆದರೆ ಅವುಗಳಿಗೆ ಲಭಿಸಿರುವ ಕೀರ್ತಿಯು ಅವುಗಳ ನಿಜವಾದ ಗುಣಕ್ಕೆ ಲಭಿಸಿದ್ದಲ್ಲ.

1689ರಲ್ಲಿ ದೊಡ್ಡ ಮನೆತನದಲ್ಲಿ ಹುಟ್ಟಿ, ತಂದೆಯ ಗ್ರಂಥಭಂಡಾರದಲ್ಲಿ ತಾನೇ ಲ್ಯಾಟಿನ್ ಭಾಷೆಯನ್ನು ಕಲಿತು, 1712ರಲ್ಲಿ ತಂದೆಯ ಇಷ್ಟಕ್ಕೆ ವಿರೋಧವಾಗಿ ಎಡ್ವರ್ಡ್ ವರ್ಟ್ಲಿ ಮಾಂಟೇಗುವನ್ನು ವರಿಸಿದವಳು ಈಕೆ. ಮರು ವರ್ಷ ಒಬ್ಬ ಮಗನು ಹುಟ್ಟಿದನು. ಅದೇ ವರ್ಷ ಈಕೆಯ ಒಬ್ಬನೇ ತಮ್ಮನು ಸಿಡುಬಿನಿಂದ ತೀರಿಹೋದನು. 1715ರ ಡಿಸೆಂಬರಿನಲ್ಲಿ ಸಿಡುಬು ಈಕೆಯನ್ನೇ ಹಿಡಿಯಿತು. ಪ್ರಾಣ ಉಳಿಯಿತು, ಲಂಡನ್ನಿನಲ್ಲಿ ಹೆಸರಾಗಿದ್ದ ಚೆಲುವು ಉಳಿಯಲಿಲ್ಲ, ಕಣ್ಣಿನ ರೆಪ್ಪೆಗೂದಲು ಕೂಡ ಮತ್ತೆ ಬರಲಿಲ್ಲ. ಇದಾದ ಕೆಲವೇ ತಿಂಗಳಲ್ಲಿ ಗಂಡನು ತುರ್ಕಿಯ ಸುಲ್ತಾನನ ಆಸ್ಥಾನಕ್ಕೆ ರಾಯಭಾರಿಯಾಗಿ ನೇಮಕಗೊಂಡನು. 1716ರ ಆಗಸ್ಟಿನಲ್ಲಿ ಮೂರು ವರ್ಷದ ಮಗನೊಡನೆ ಸಂಸಾರವು ಹೊರಟಿತು. ಗಂಡನು ಒಂಟಿಯಾಗಿ ಹೋಗಿ, ಹೆಂಡತಿಯೂ ಮಗನೂ ಊರಿನಲ್ಲಿಯೇ ನಿಲ್ಲಬಹುದಾಗಿತ್ತು. ಹಾಗೆ ಮಾಡಿದ ಮನೆತನಗಳು ಆ ಕಾಲದಲ್ಲಿ ಬಹಳ. ಈಕೆ ನಿಲ್ಲಲಿಲ್ಲ.

ಕಾಗದಗಳೆಂದು ಹೆಸರಾದರೂ ಇವು ಅಂಚೆಗೆ ಹಾಕಿದ ಕಾಗದಗಳ ಯಥಾಪ್ರತಿಗಳಲ್ಲ. ಅಲ್ಲಿಂದ ಬರೆದುವುಗಳನ್ನೂ ದಿನಚರಿಯನ್ನೂ ಆಧಾರವಾಗಿಟ್ಟುಕೊಂಡು, ಊರಿಗೆ ಮರಳಿದ ಬಳಿಕ ತಿದ್ದಿ, ತೂಗಿ, ಐವತ್ತೆರಡು ಪತ್ರಗಳಾಗಿ ಎರಡು ಪುಸ್ತಕಗಳಲ್ಲಿ ಅಂದವಾಗಿ ಬರೆಯಿಸಿದ ಗ್ರಂಥವಿದು. ಮೇರಿ ಆ್ಯಸ್ಟೆಲ್ ಎಂಬ ವಿದುಷಿಯು 1724ರಲ್ಲಿಯೇ ಇದಕ್ಕೆ ಮುನ್ನುಡಿಯನ್ನು ಬರೆದಳು. ಆದರೂ ಗ್ರಂಥಕರ್ತ್ರಿಯು ಬದುಕಿರುವವರೆಗೆ ಅಚ್ಚಾಗಲಿಲ್ಲ. ಕುಲೀನ ಸ್ತ್ರೀಯು ಅಚ್ಚಿನ ಅಂಗಡಿಗೆ ಹೋಗುವುದು ಆ ಸಮಾಜದಲ್ಲಿ ಮರ್ಯಾದೆಯಾಗಿರಲಿಲ್ಲ. 1761ರಲ್ಲಿ ಈಕೆ ಹಸ್ತಪ್ರತಿಯನ್ನು ರಾಟರ್‌ಡ್ಯಾಮಿನ ಒಬ್ಬ ಪಾದ್ರಿಯ ಕೈಗೆ ಕೊಟ್ಟು, ಮರು ವರ್ಷ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ತೀರಿಕೊಂಡಳು. 1763ರಲ್ಲಿ, ಮನೆಯವರ ಇಷ್ಟಕ್ಕೆ ವಿರುದ್ಧವಾಗಿಯೇ, ಗ್ರಂಥವು ಹೊರಬಿದ್ದು ಯೂರೋಪಿನಲ್ಲೆಲ್ಲ ಓದಲ್ಪಟ್ಟಿತು.

ಓದಿದವರು ಹೊಗಳಿದ್ದು ಏನನ್ನು? ಸೋಫಿಯಾ ನಗರದ ಸ್ತ್ರೀಯರ ಸ್ನಾನಗೃಹದ ವರ್ಣನೆಯನ್ನು. ಅಲ್ಲಿ ಈಕೆಯ ಬಿಗಿಕಂಚುಕವನ್ನು ಕಂಡ ತುರ್ಕಿಯ ಹೆಂಗಸರು, ಗಂಡನು ಹೆಂಡತಿಯನ್ನು ಇದರೊಳಗಿಟ್ಟು ಬೀಗ ಹಾಕಿರುವನೆಂದು ತಿಳಿದು ಮರುಗಿದ ವಿನೋದವನ್ನು. ಮುಸುಕು ಹಾಕಿಕೊಂಡು ಹೋಗುವ ಹೆಂಗಸನ್ನು ಗುರುತಿಸುವವರಿಲ್ಲವಾದ್ದರಿಂದ ಆಕೆಯೇ ಸ್ವತಂತ್ರಳೆಂಬ ತಲೆಕೆಳಗಾದ ವಾದವನ್ನು. ಫ್ರಾನ್ಸಿನ ಚಿತ್ರಕಾರ ಆ್ಯಂಗ್ರನು ಸ್ನಾನಗೃಹದ ಪತ್ರದಿಂದ ಭಾಗಗಳನ್ನು ಬರೆದಿಟ್ಟುಕೊಂಡಿದ್ದು, 1862ರಲ್ಲಿ ಪ್ರಸಿದ್ಧವಾದ ಚಿತ್ರವನ್ನು ಮುಗಿಸಿದನು. ಈ ಭಾಗಗಳು ಸೊಗಸಾಗಿರುವುದು ನಿಜ. ಹಿಂದಿನ ಪ್ರವಾಸಿಗರು ಕಾಣದೆಯೇ ಬರೆದುದನ್ನು ಈಕೆ ಒಳಗೆ ಹೊಕ್ಕು ಕಂಡು ಬರೆದುದು ದೊಡ್ಡದು. ಆದರೂ ಇವು ಸಂದರ್ಶಕಳ ಬರವಣಿಗೆ; ಕಂಡು ಬೆರಗಾಗಿ ಹೊರಟುಬರುವ ಅತಿಥಿಯ ಬರವಣಿಗೆ. ಮನೆ ಮಾಡಿದವಳ ಬರವಣಿಗೆಯು ಬೇರೆಡೆಯಲ್ಲಿದೆ, ಹುಡುಕಿದರೆ ಸಿಕ್ಕುತ್ತದೆ.

ಮೊದಲು ಅದು ಸಿಕ್ಕುವುದು ತುರ್ಕಿಯನ್ನು ಮುಟ್ಟುವುದಕ್ಕೂ ಬಹಳ ಹಿಂದೆ, ಬೊಹೀಮಿಯಾ ಮತ್ತು ಸ್ಯಾಕ್ಸನಿ ಸೀಮೆಗಳ ನಡುವಣ ಬೆಟ್ಟದ ದಾರಿಯಲ್ಲಿ. ರಾತ್ರಿ, ಬೆಳುದಿಂಗಳು. ಕೆಳಗೆ ಪ್ರಪಾತ, ಅದರ ತಳದಲ್ಲಿ ಎಲ್ಬ್ ನದಿ. ಗಾಡಿಯ ಚಕ್ರಕ್ಕೂ ಕೊರಕಲಿನ ಅಂಚಿಗೂ ನಡುವೆ ಸ್ಥಳವೇ ಕಾಣದು. ರಾಯಭಾರಿಯು ಪಕ್ಕದಲ್ಲಿ ಗಾಢನಿದ್ರೆಯಲ್ಲಿದ್ದಾನೆ. ತಪ್ಪಿಸಲಾಗದ ಅಪಾಯಕ್ಕೆ ಅವನನ್ನು ಎಬ್ಬಿಸಿ ಹೆದರಿಸಿ ಪ್ರಯೋಜನವೇನೆಂದು ಹೆಂಡತಿಯು ಸುಮ್ಮನಿದ್ದಾಳೆ. ಒಳ್ಳೆಯ ಹೆಂಡತಿಯ ಲಕ್ಷಣವಿದೆಂದು ತನ್ನನ್ನು ತಾನೇ ಹಾಸ್ಯಮಾಡಿಕೊಳ್ಳುತ್ತಾಳೆ. ಕೊನೆಗೆ ಕುದುರೆಗಳು ನಾಗಾಲೋಟದಲ್ಲಿರುವಾಗ ಅವುಗಳ ಮೇಲಿನ ಸವಾರರೂ ತೂಕಡಿಸುತ್ತಿರುವುದು ಕಣ್ಣಿಗೆ ಬಿದ್ದಮೇಲೆ ಮಾತ್ರ ಕೂಗಿಕೊಳ್ಳುತ್ತಾಳೆ. ಒಂದೆರಡು ವಾಕ್ಯಗಳಲ್ಲಿ ಮುಗಿಯುವ ಈ ಚಿತ್ರವು ಗ್ರಂಥದಲ್ಲಿ ಮತ್ತಾವುದಕ್ಕೂ ಕಡಮೆಯದಲ್ಲ. ಅಧಿಕಾರವಿದ್ದವನಿಗೆ ನಿದ್ರೆಯೂ, ಅಧಿಕಾರವಿಲ್ಲದವಳಿಗೆ ಎಚ್ಚರವೂ ಬಂದಿರುವುದನ್ನು ಈಕೆ ದೂರಾಗಿ ಹೇಳಲಿಲ್ಲ, ನಗುತ್ತ ಹೇಳಿದಳು. ಈ ನಗೆಯೇ ಈಕೆಯ ಶೈಲಿ. ಮುಂದೆ ಕಾಣುವಂತೆ, ಈಕೆಯ ಮರೆಯೂ ಅದೇ.

ವಿಯೆನ್ನಾದಿಂದ ಮುಂದಿನ ಪ್ರಯಾಣವು 1717ರ ಜನವರಿಯಲ್ಲಿ, ಹಂಗೆರಿಯ ಹಿಮದ ಮೇಲೆ, ಜಾರುಗಾಡಿಗಳ ಮೇಲೇರಿಸಿದ ಬಂಡಿಗಳಲ್ಲಿ ನಡೆಯಿತು. ಸೇನಾಪತಿಯಾಗಿ ವಿಖ್ಯಾತನಾದ ರಾಜಕುಮಾರ ಯೂಜೀನನೂ ಈ ಋತುವಿನಲ್ಲಿ ಹೊರಡಬೇಡವೆಂದು ಹೇಳಿದ್ದನು. ಹಿಂದಿನ ಆಗಸ್ಟಿನಲ್ಲಿ ತುರ್ಕರಿಗೂ ಆಸ್ಟ್ರಿಯದವರಿಗೂ ಯುದ್ಧ ನಡೆದಿದ್ದ ಬಯಲನ್ನು ದಾಟುವಾಗ, ಹೂಳದೆ ಬಿಟ್ಟ ಮನುಷ್ಯರ, ಕುದುರೆಗಳ, ಒಂಟೆಗಳ ಕಳೇಬರಗಳು ಹಿಮದ ನಡುವೆ ಚದರಿ ಬಿದ್ದಿದ್ದುವು. ಯುದ್ಧವನ್ನು ಕುರಿತು ಈಕೆ ಅಲ್ಲಿ ಬರೆದಿರುವ ಮಾತುಗಳು ಗಂಭೀರವಾದುವು. ಆದರೆ ವಾಚಕನ ಮನಸ್ಸು ಒಂದು ಪ್ರಶ್ನೆಯಲ್ಲಿ ನಾಟಿಕೊಳ್ಳುತ್ತದೆ. ಬಂಡಿಯಲ್ಲಿದ್ದ ಮೂರು ವರ್ಷದ ಹುಡುಗನು ಏನನ್ನು ನೋಡಿದನು? ಏನೆಂದು ಕೇಳಿದನು? ಅವನ ಕಣ್ಣನ್ನು ತಾಯಿಯು ಮುಚ್ಚಿದಳೋ ಇಲ್ಲವೋ? ಇದಕ್ಕೆ ಗ್ರಂಥದಲ್ಲಿ ಉತ್ತರವಿಲ್ಲ. ಮಗನು ಕ್ಷೇಮವಾಗಿರುವನೆಂಬ ಮಾತು ಅಲ್ಲಲ್ಲಿ ಬಂದೀತು, ಮಗನು ಬರುವುದಿಲ್ಲ. ಬೆಲ್‌ಗ್ರೇಡಿನಲ್ಲಿ ಆತಿಥ್ಯ ನೀಡಿದ ತುರ್ಕಿಯ ಪಂಡಿತನು ಎಷ್ಟು ಸ್ಪಷ್ಟವಾಗಿ ಕಣ್ಣಮುಂದೆ ನಿಲ್ಲುತ್ತಾನೆಂದರೆ, ಆತನ ದನಿಯೇ ಕೇಳಿಸುವಂತಿದೆ. ಜೊತೆಯಲ್ಲಿಯೇ ಇದ್ದ ಹುಡುಗನ ದನಿಯು ಐವತ್ತೆರಡು ಪತ್ರಗಳಲ್ಲಿ ಒಮ್ಮೆಯೂ ಕೇಳಿಸದು.

ಇದು ಮಮತೆಯ ಕೊರತೆಯೆಂದು ತೀರ್ಮಾನಿಸುವುದು ಅನ್ಯಾಯವಾದೀತು. ಕೊರತೆಯಿರುವುದು ಗ್ರಂಥದ ಕಟ್ಟಿನಲ್ಲಿ. ಕುಲೀನರ ಪತ್ರಲೇಖನಕ್ಕೆ ಆ ಕಾಲದಲ್ಲಿ ಒಂದು ಮಾದರಿಯಿತ್ತು: ಆಸ್ಥಾನ, ಉಡುಪು, ಪ್ರಾಚೀನ ಶಾಸನಗಳು, ಮತವಿಚಾರ, ಚತುರೋಕ್ತಿ. ತೊಟ್ಟಿಲಿಗೆ ಅದರಲ್ಲಿ ಎಡೆಯಿರಲಿಲ್ಲ. ಊರಿಗೆ ಬಂದು ಗ್ರಂಥವನ್ನು ತಿದ್ದುವಾಗ ಈಕೆ ಆ ಮಾದರಿಗೆ ತಲೆಬಾಗಿದಳು. ಹಾಗೆ ಬಾಗಿದರೂ ಮನೆಯು ಅಲ್ಲಲ್ಲಿ ಒಡೆದು ಹೊರಬಂದಿದೆ. ಬಂದ ಕಡೆಗಳಲ್ಲೆಲ್ಲ ಗ್ರಂಥಕ್ಕೆ ಜೀವ ಬಂದಿದೆ.

ಕಾನ್‌ಸ್ಟಾಂಟಿನೋಪಲಿನಲ್ಲಿ ಪರದೇಶದ ರಾಯಭಾರಿಗಳು ವಾಸಿಸುತ್ತಿದ್ದ ಪೇರಾ ಎಂಬ ಭಾಗದಿಂದ ಬರೆದ ಪತ್ರವೊಂದನ್ನು ನೋಡಬಹುದು. ಮನೆಯಲ್ಲಿ ಕುದುರೆ ನೋಡುವವರು ಅರಬರು, ಪರಿಚಾರಕರು ಫ್ರೆಂಚರು, ಇಂಗ್ಲಿಷರು, ಜರ್ಮನರು, ದಾದಿಯು ಆರ್ಮೇನಿಯದವಳು, ಮನೆಗೆಲಸದವರು ರಷ್ಯದವರು, ಇನ್ನೂ ಕೆಲವರು ಗ್ರೀಕರು, ಮೇಲ್ವಿಚಾರಕನು ಇಟಲಿಯವನು, ಕಾವಲುಗಾರರು ತುರ್ಕರು. ಒಂದೇ ಸೂರಿನಡಿಯಲ್ಲಿ ಹತ್ತು ಭಾಷೆ. ಆ ಊರಿನಲ್ಲಿ ಹುಟ್ಟಿ ಬೆಳೆಯುವ ಮಕ್ಕಳು ಮೂರು ನಾಲ್ಕು ವರ್ಷಕ್ಕೇ ಹಲವು ಭಾಷೆಗಳನ್ನು ಒಟ್ಟಿಗೆ ಆಡುವರೆಂದೂ, ಅವುಗಳಲ್ಲಿ ಒಂದನ್ನೂ ಓದಿ ಬರೆಯುವಷ್ಟು ಕಲಿಯುವವರು ವಿರಳವೆಂದೂ ಈಕೆ ಹೇಳುವಳು. ತನ್ನ ಇಂಗ್ಲಿಷೇ ಕರಗಿಹೋಗುತ್ತಿರುವುದೆಂದು ಅಳುಕುವಳು. ಹೊರನಾಡಿಗೆ ಹೋಗಿ ನೆಲೆಸಿದ ಯಾವ ಕನ್ನಡ ತಾಯಿಗೂ ಈ ಪತ್ರಕ್ಕೆ ಟೀಕೆಯು ಬೇಕಾಗಲಾರದು. ನುಡಿಯು ಮನೆಯ ಬಾಗಿಲಲ್ಲಿ ಕಾವಲಿಲ್ಲದ ಒಡವೆಯಂತೆ ಸೋರಿಹೋಗುವುದನ್ನು ಇಷ್ಟು ಹಿಂದೆ, ಇಷ್ಟು ಹಗುರವಾದ ಮಾತಿನಲ್ಲಿ, ಇಷ್ಟು ಸರಿಯಾಗಿ ಗಮನಿಸಿದವರು ಕಡಮೆ.

ಇದೇ ಪೇರಾದಲ್ಲಿ 1718ರ ಜನವರಿಯಲ್ಲಿ ಈಕೆ ಮಗಳನ್ನು ಹೆತ್ತಳು. ಬಂಧುಗಳಿಲ್ಲ, ತವರಿಲ್ಲ. ಬಾಣಂತನವನ್ನು ಕುರಿತು ಈಕೆ ಬರೆದಿರುವುದೆಲ್ಲ ನಗೆಯ ಧಾಟಿಯಲ್ಲಿ: ಆ ದೇಶದಲ್ಲಿ ಹೆರದಿರುವ ಹೆಂಡತಿಗೆ ಮರ್ಯಾದೆಯಿಲ್ಲ, ಆದಕಾರಣ ತಾನೂ ದೇಶಾಚಾರಕ್ಕೆ ತಲೆಬಾಗಬೇಕಾಯಿತಂತೆ! ಚತುರೋಕ್ತಿಯೇನೋ ಸರಿ. ಆದರೆ ಹಿಂದೆ ಪ್ರಪಾತದ ಅಂಚಿನಲ್ಲಿ ಭಯವನ್ನು ತೋರಿಸುವುದಕ್ಕೆ ನೆರವಾದ ನಗೆಯು ಇಲ್ಲಿ ಭಯವನ್ನು ಮುಚ್ಚುವುದಕ್ಕೆ ನೆರವಾಗಿದೆ. ಹೆರಿಗೆಯು ಪ್ರಾಣಕ್ಕೆ ಎರವಾಗುತ್ತಿದ್ದ ಕಾಲವದು. ಅದನ್ನು ಮರೆಯಿಸುವಷ್ಟು ನಯವಾದ ಗದ್ಯವನ್ನು ಮೆಚ್ಚುವುದಕ್ಕಿಂತ ಸಂಶಯಿಸುವುದೇ ವಿಮರ್ಶಕನಿಗೆ ಲೇಸು.

ನಗೆಯು ಪೂರ್ತಿ ನಿಂತಿರುವುದು ಒಂದೇ ಪತ್ರದಲ್ಲಿ. 1717ರ ಏಪ್ರಿಲ್ 1ರ ತಾರೀಖಿನದು. ಅಡ್ರಿಯಾನೋಪಲಿನಿಂದ ಸಾರಾ ಚಿಸ್‌ವೆಲ್ ಎಂಬ ಬಾಲ್ಯದ ಗೆಳತಿಗೆ ಬರೆದುದು. ವಿಷಯವು ಸಿಡುಬು. ಬೇಸಗೆಯ ತಾಪವು ಇಳಿದ ಸೆಪ್ಟೆಂಬರಿನಲ್ಲಿ ನಾಲ್ಕಾರು ಮನೆಯವರು ಕೂಡಿ, ಹದಿನೈದು ಹದಿನಾರು ಮಂದಿ ಒಂದೆಡೆ ಸೇರುವರು. ಮುದುಕಿಯೊಬ್ಬಳು ಒಳ್ಳೆಯ ಬಗೆಯ ಸಿಡುಬಿನ ಕೀವನ್ನು ಕಾಯಿಚಿಪ್ಪಿನಲ್ಲಿ ತರುವಳು; ಯಾವ ನರವನ್ನು ತೆರೆಯಬೇಕೆಂದು ಕೇಳಿ, ದೊಡ್ಡ ಸೂಜಿಯಿಂದ ಗೀರಿ, ಸೂಜಿಯ ತಲೆಯ ಮೇಲೆ ನಿಲ್ಲುವಷ್ಟನ್ನು ಒಳಕ್ಕೆ ಸೇರಿಸಿ, ಚಿಪ್ಪಿನ ಚೂರಿಟ್ಟು ಕಟ್ಟುವಳು. ಮಕ್ಕಳು ಎಂಟನೆಯ ದಿನದವರೆಗೆ ಆಡಿಕೊಂಡಿರುವರು, ಆಮೇಲೆ ಜ್ವರ, ಎರಡು ದಿನ, ಬಹಳವಾದರೆ ಮೂರು ದಿನ ಹಾಸಿಗೆ, ಮುಖದ ಮೇಲೆ ಇಪ್ಪತ್ತು ಮೂವತ್ತಕ್ಕೆ ಮೀರದ ಗುಳ್ಳೆಗಳು, ಅವೂ ಕಲೆ ನಿಲ್ಲದೆ ಮಾಯುವುವು. ತನ್ನ ಪುಟ್ಟ ಮಗನಿಗೂ ಇದನ್ನು ಮಾಡಿಸುವೆನೆಂದೂ, ಊರಿಗೆ ಬಂದಮೇಲೆ ಇದನ್ನು ರೂಢಿಗೆ ತರುವುದಕ್ಕಾಗಿ, ಆದಾಯ ಕಳೆದುಕೊಳ್ಳಲು ಒಪ್ಪದ ವೈದ್ಯರೊಡನೆ ಹೋರಾಡುವ ಧೈರ್ಯವೂ ತನಗೆ ಬಂದೀತೆಂದೂ ಹೇಳಿ ಮುಗಿಸುವಳು.

ಈ ಕ್ರಿಯೆಗೆ ಈಕೆ ಬಳಸಿದ ಇಂಗ್ಲಿಷ್ ಮಾತು ತೋಟಗಾರರದು. ಗಿಡಕ್ಕೆ ಗಿಡವನ್ನು ಕೂಡಿಸುವ ಮಾತು. ಕನ್ನಡದ ‘ಕಸಿ’ ಎಂಬುದು ಅದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತದೆ. ಮುಂದೆ 1796ರಲ್ಲಿ ಜೆನ್ನರನು ಕಂಡುಹಿಡಿದು, ಕನ್ನಡ ನಾಡಿನ ಹಳ್ಳಿಗಳಲ್ಲಿಯೂ ದಾಕು ಹಾಕುವುದೆಂದು ಹೆಸರಾದ ಗೋವಿನ ಸಿಡುಬಿನ ಪದ್ಧತಿಯಲ್ಲ ಇದು. ಇಲ್ಲಿ ಮನುಷ್ಯರ ಸಿಡುಬನ್ನೇ, ಅಳತೆಯಲ್ಲಿ, ಆರೋಗ್ಯವಂತ ಮಗುವಿಗೆ ಕೊಡುವುದು. ಆ ಮಗುವು ಸಾಯಲೂಬಹುದು. ರೋಗವನ್ನೇ ‘ಅಮ್ಮ’ನೆಂದು ಕರೆದು ಬೇವಿನ ಸೊಪ್ಪಿನಿಂದ ಉಪಚರಿಸಿದ ಜನರಿಗೆ, ಅಮ್ಮನನ್ನು ತಾನಾಗಿ ಮನೆಗೆ ಕರೆಯುವುದೆಂದರೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೋಕದಿಂದ ಸಿಡುಬು ತೊಲಗಿತೆಂದು 1980ರಲ್ಲಿ ಘೋಷಣೆಯಾದಮೇಲೆ ಹುಟ್ಟಿದ ವಾಚಕರು ಮಾತ್ರ ಈ ಪತ್ರವನ್ನು ವಿನೋದವಾಗಿ ಓದಿಯಾರು.

ಮಾಡಿಸುವೆನೆಂದವಳು ಮಾಡಿಸಿದಳೆ? ಗ್ರಂಥವು ಹೇಳುವುದಿಲ್ಲ. ಇದೇ ಅದರ ಅತ್ಯಂತ ವಿಚಿತ್ರವಾದ ಮೌನ. ಉತ್ತರವಿರುವುದು ಈಕೆ ಗಂಡನಿಗೆ ಬರೆದ, ತಿದ್ದದ, ಯಾರಿಗೂ ತೋರಿಸಲೆಂದಲ್ಲದ ಕಾಗದದಲ್ಲಿ. 1718ರ ಮಾರ್ಚಿನಲ್ಲಿ ಗಂಡನು ರಾಯಭಾರದ ಕಾರ್ಯಕ್ಕಾಗಿ ಬೇರೆಡೆಯಲ್ಲಿದ್ದನು. ಮಗಳಿಗೆ ಎರಡು ತಿಂಗಳು. ರಾಯಭಾರದ ಶಸ್ತ್ರವೈದ್ಯ ಚಾರ್ಲ್ಸ್ ಮೇಟ್‌ಲೆಂಡನನ್ನು ನಿಲ್ಲಿಸಿಕೊಂಡು, ಗ್ರೀಕ್ ಮುದುಕಿಯೊಬ್ಬಳನ್ನು ಕರೆಯಿಸಿ ಕಸಿ ಮಾಡಿಸಿದಳು. ಮುದುಕಿಯ ಮೊಂಡು ಸೂಜಿಯು ಮಗುವನ್ನು ನೋಯಿಸಿದುದನ್ನು ಕಂಡು, ಇನ್ನೊಂದು ತೋಳಿಗೆ ಮೇಟ್‌ಲೆಂಡನು ತನ್ನ ಶಸ್ತ್ರದಿಂದಲೇ ಮಾಡಿದನು. ಆ ವಾರದ ಕೊನೆಗೆ ತಾಯಿಯು ಗಂಡನಿಗೆ ಸುದ್ದಿ ಕಳುಹಿಸಿದಳು: ಹುಡುಗನು ಹಾಡಿಕೊಂಡು ಆಡಿಕೊಂಡು, ರಾತ್ರಿಯೂಟಕ್ಕೆ ಅವಸರಪಡುತ್ತಿರುವನು. ಮಗಳಿಗೆ ಮಾತ್ರ ಮಾಡಿಸುವಂತಿಲ್ಲ, ಏಕೆಂದರೆ ಆಕೆಯ ದಾದಿಗೆ ಇನ್ನೂ ಸಿಡುಬು ಬಂದಿಲ್ಲ.

ಎರಡೇ ಸಂಗತಿಗಳು, ಅಲಂಕಾರವಿಲ್ಲ, ಚತುರೋಕ್ತಿಯಿಲ್ಲ. ಐವತ್ತೆರಡು ಪತ್ರಗಳಲ್ಲಿ ಕೇಳಿಸದ ಹುಡುಗನ ದನಿಯು ಇಲ್ಲಿ ಕೇಳಿಸಿತು. ಮಗಳಿಗೆ ಕಸಿ ಮಾಡಿಸಿದರೆ ಹಾಲೂಡುವ ದಾದಿಗೆ ರೋಗ ಹತ್ತುವುದು. ಅವಳ ಪ್ರಾಣಕ್ಕೂ ಅಪಾಯ, ಹಾಲಿಗೂ ಅಪಾಯ. ಹೆಸರು ಸಹ ಉಳಿಯದ ಆ ದಾದಿಯು ಈ ಒಂದು ಮಾತಿನಿಂದ ರಾಯಭಾರದ ಇತಿಹಾಸದೊಳಕ್ಕೆ ಬಂದಳು. ಗುಲಾಮರಾದವರ ವಿಷಯದಲ್ಲಿ ಈಕೆ ಗ್ರಂಥದಲ್ಲಿ ಬರೆದಿರುವುದು ಇದಕ್ಕೆ ಹೋಲಿಸಿದರೆ ಬಹಳ ಕಳಪೆ: ತುರ್ಕಿಯಲ್ಲಿ ಗುಲಾಮರಿಗೆ ಸುಖವಾಗಿಯೇ ನಡೆಯುತ್ತದೆಂದು ಅರಮನೆಯ ಕಿಟಕಿಯಿಂದ ನೋಡಿದವರ ಸಮಾಧಾನ. ತಿದ್ದಿ ಬರೆದ ಕಡೆ ವಾದ. ತಿದ್ದದೆ ಬರೆದ ಕಡೆ ಮನುಷ್ಯರು.

ಗಂಡನ ರಾಯಭಾರವೇನಾಯಿತೆಂಬುದನ್ನು ಸಂಕ್ಷೇಪವಾಗಿ ಹೇಳಬಹುದು. ತುರ್ಕರಿಗೂ ಆಸ್ಟ್ರಿಯದವರಿಗೂ ಸಂಧಿ ಮಾಡಿಸಬೇಕೆಂದು ಹೋದವನನ್ನು 1717ರಲ್ಲಿಯೇ ಹಿಂದಕ್ಕೆ ಕರೆಯಲಾಯಿತು. 1718ರ ಜುಲೈಯಲ್ಲಿ ಪಸ್ಸರೋವಿಟ್ಸಿನಲ್ಲಿ ಸಂಧಿಯಾದಾಗ ಮಧ್ಯಸ್ಥಿಕೆಯು ಬೇರೆಯವರದಾಗಿತ್ತು. ಈ ಸಂಸಾರವು ಅದೇ ತಿಂಗಳಲ್ಲಿ ಹಡಗನ್ನೇರಿತು. ಕಸಿಯ ಸುದ್ದಿಯೂ ಲಂಡನ್ನಿಗೆ ಹೊಸತಾಗಿರಲಿಲ್ಲ. ಟಿಮೋನಿಯೆಂಬ ವೈದ್ಯನು ಕಾನ್‌ಸ್ಟಾಂಟಿನೋಪಲಿನಿಂದ ಬರೆದ ವರದಿಯು 1714ರಲ್ಲಿಯೇ ಅಲ್ಲಿಯ ರಾಯಲ್ ಸೊಸೈಟಿಯಲ್ಲಿ ಓದಲ್ಪಟ್ಟು ಅಚ್ಚಾಗಿತ್ತು. ಪಂಡಿತರು ಓದಿದರು, ಇಟ್ಟರು. 1721ರ ಏಪ್ರಿಲಿನಲ್ಲಿ, ಲಂಡನ್ನಿನಲ್ಲಿ ಸಿಡುಬು ಹಬ್ಬಿದ್ದಾಗ, ಪೇರಾದಲ್ಲಿ ಹುಟ್ಟಿದ ಮೂರು ವರ್ಷದ ಹುಡುಗಿಗೆ ಅದೇ ಮೇಟ್‌ಲೆಂಡನಿಂದ ತಾಯಿಯು ಕಸಿ ಮಾಡಿಸಿ, ವೈದ್ಯರನ್ನು ಕರೆದು ತೋರಿಸಿದಮೇಲೆ ವಿಷಯವು ಚಲಿಸಿತು. ಮರು ವರ್ಷ ಯುವರಾಣಿಯ ಇಬ್ಬರು ಹೆಣ್ಣುಮಕ್ಕಳಿಗೂ ಕಸಿಯಾಯಿತು. ಆ ಮೊದಲ ಪತ್ರದ ಗೆಳತಿ ಸಾರಾ ಚಿಸ್‌ವೆಲ್ ಕಸಿಯಿಲ್ಲದೆಯೇ ಉಳಿದು, 1726ರಲ್ಲಿ ಸಿಡುಬಿನಿಂದಲೇ ತೀರಿಕೊಂಡಳು.

ರಾಯಭಾರಿಯ ಹೆಂಡತಿಯು ಸಂಬಳವಿಲ್ಲದೆ ಹಿಂಬಾಲಿಸುವಳು, ಮನೆಯನ್ನೂ ಮಕ್ಕಳನ್ನೂ ನಿರ್ವಹಿಸುವಳು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ ಎಂಬ ಗ್ರಹಿಕೆಯು ಆ ಶತಮಾನದೊಡನೆ ಮುಗಿಯಲಿಲ್ಲ. ಅದರ ಇನ್ನೊಂದು ಮುಖವನ್ನು ಭಾರತದ ಕಾಯಿದೆಯಲ್ಲಿಯೇ ಕಾಣಬಹುದು. 1949ರಲ್ಲಿ ವಿದೇಶಾಂಗ ಸೇವೆಯನ್ನು ಸೇರಿದ ಮೊದಲ ಮಹಿಳೆ, ಕೊಡಗಿನ ವಿರಾಜಪೇಟೆಯ ಸಿ. ಬಿ. ಮುತ್ತಮ್ಮನವರ ಕಾಲದಲ್ಲಿ, ಸೇವೆಯಲ್ಲಿದ್ದ ಹೆಂಗಸು ಮದುವೆಯಾಗಲು ಸರಕಾರದ ಅನುಮತಿಯನ್ನು ಬೇಡಬೇಕಾಗಿತ್ತು. ಸಂಸಾರವು ಕೆಲಸಕ್ಕೆ ಅಡ್ಡಿಯೆಂದು ತೋರಿದರೆ ರಾಜೀನಾಮೆ ಕೊಡಬೇಕಾಗಿತ್ತು. ಗಂಡಸಿಗೆ ಆ ನಿಯಮವಿರಲಿಲ್ಲ. ಅವನ ಸಂಸಾರವು ಅಡ್ಡಿಯಾಗದಂತೆ ನೋಡಿಕೊಳ್ಳುವುದಕ್ಕೆ ಹೆಂಡತಿಯಿದ್ದಳಷ್ಟೆ! ಮುತ್ತಮ್ಮನವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಅಷ್ಟರಲ್ಲಿ ಅವರಿಗೆ ಬಡ್ತಿ ದೊರೆತಿದ್ದ ಕಾರಣ 1979ರಲ್ಲಿ ಅರ್ಜಿಯು ವಜಾ ಆಯಿತಾದರೂ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಆ ನಿಯಮಗಳನ್ನು ಕಟುವಾಗಿ ಖಂಡಿಸಿದರು. ಅದಕ್ಕೂ ಹಿಂದೆ ಮುತ್ತಮ್ಮನವರು ರಾಯಭಾರಿಯಾಗಿ ಹೋದ ದೇಶ ಹಂಗೆರಿ. ಲೇಡಿ ಮೇರಿಯು ಹಿಮದಲ್ಲಿ ಹಿಂಬಾಲಕಳಾಗಿ ದಾಟಿದ ಅದೇ ಹಂಗೆರಿ.

ಗ್ರಂಥಕ್ಕೆ ಮರಳಿದರೆ, ಮಕ್ಕಳಿಬ್ಬರ ಮುಂದಿನ ಕಥೆಯನ್ನು ಬಿಟ್ಟು ಅದನ್ನು ಬೆಲೆಕಟ್ಟಲಾಗದು. ಮಗಳು ಬ್ಯೂಟ್ ಪ್ರಭುವನ್ನು ಮದುವೆಯಾದಳು. ಅವನು ಮುಂದೆ ಪ್ರಧಾನಮಂತ್ರಿಯಾದನು. 1739ರಲ್ಲಿ ತಾಯಿಯು ಗಂಡನನ್ನು ಬಿಟ್ಟು, ಈ ಸಲ ಯಾರನ್ನೂ ಹಿಂಬಾಲಿಸದೆ, ಇಟಲಿ ಫ್ರಾನ್ಸುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ನೆಲೆಸಿದಾಗ, ಮೊಮ್ಮಕ್ಕಳ ವಿದ್ಯೆಯನ್ನು ಕುರಿತು ಮಗಳಿಗೆ ಬರೆದ ಕಾಗದಗಳು ತುರ್ಕಿಯ ಕಾಗದಗಳಿಗಿಂತ ಒಂದು ಕೈ ಮೇಲೆಂದು ಹೇಳುವುದರಲ್ಲಿ ತಪ್ಪಿಲ್ಲ. ಅವುಗಳಲ್ಲಿ ಮಾದರಿಯ ಹಂಗಿಲ್ಲ. ಆದರೆ ಮದುವೆಯ ಕಾಲದಿಂದ ತಾಯಿಯು ಬರೆದುಕೊಂಡು ಬಂದಿದ್ದ ದಿನಚರಿಯನ್ನು ಅದೇ ಮಗಳು ಬಹುಕಾಲ ಬೀಗದಲ್ಲಿಟ್ಟು, 1794ರಲ್ಲಿ ತಾನು ಸಾಯುವುದಕ್ಕೆ ಸ್ವಲ್ಪ ಮುಂಚೆ ಸುಟ್ಟಳು. ಪೇರಾದ ಮನೆಯ ದಿನದಿನದ ಸಂಗತಿಗಳು ಅದರಲ್ಲಿದ್ದಿರಬೇಕು. ಗ್ರಂಥಕರ್ತ್ರಿಯ ಲೇಖನಿಯು ಬಿಟ್ಟುದನ್ನು ಆ ಮನೆಯಲ್ಲಿ ಹುಟ್ಟಿದವಳ ಕೈಯೇ ಬೂದಿಮಾಡಿತು. ಉಳಿದಿರುವ ಕಾಗದಗಳೆಲ್ಲವನ್ನೂ ರಾಬರ್ಟ್ ಹಾಲ್ಸ್‌ಬ್ಯಾಂಡ್ 1965 ರಿಂದ 1967ರವರೆಗೆ ಮೂರು ಸಂಪುಟಗಳಲ್ಲಿ ಹೊರತಂದಿರುವರು. ತುರ್ಕಿಯ ಕಾಗದಗಳನ್ನು ಬಿಡಿಯಾಗಿ ಓದುವವರಿಗಿಂತ, ಗಂಡನಿಗೆ ಬರೆದುವುಗಳೊಡನೆ ತಾರೀಖಿನ ಕ್ರಮದಲ್ಲಿ ಓದುವವರಿಗೇ ಲಾಭ ಹೆಚ್ಚು.

ಮಗನ ಕಥೆಯು ಬೇರೆ. ಲಂಡನ್ನಿನ ಶಾಲೆಯಲ್ಲಿ ಅವನು ನಿಲ್ಲಲಿಲ್ಲ. ಮೇಲಿಂದ ಮೇಲೆ ಓಡಿಹೋದನು. ಮುಂದೆ ಪಾರ್ಲಿಮೆಂಟಿನ ಸದಸ್ಯನಾದನು, ಸಾಲಗಾರನಾದನು, ಅರಬ್ಬಿಯನ್ನು ಕಲಿತು ಪೂರ್ವದೇಶಗಳಲ್ಲಿ ಅಲೆದನು, ತುರ್ಕರ ಉಡುಪನ್ನು ತೊಟ್ಟನು, ಅವರ ಮತವನ್ನೂ ಹಿಡಿದನು. 1776ರಲ್ಲಿ ಇಟಲಿಯ ಪಾದುವಾದಲ್ಲಿ ಸತ್ತನು. ತಾಯಿಯು ಮರಣಶಾಸನದಲ್ಲಿ ಅವನಿಗೆ ಬಿಟ್ಟದ್ದು ಒಂದು ಗಿನಿ ನಾಣ್ಯ. ನಾಲ್ಕನೆಯ ವಯಸ್ಸಿನಲ್ಲಿ ಪೇರಾದಲ್ಲಿ ಕಂಡ ಬದುಕನ್ನೇ ಅವನು ಜೀವಮಾನವೆಲ್ಲ ಹುಡುಕಿದನೋ, ಅಥವಾ ಎಲ್ಲಿಯೂ ಬೇರೂರದ ಗುಣವು ಅವನಿಗೆ ಹುಟ್ಟಿನಿಂದಲೇ ಬಂದಿತ್ತೋ, ಅದನ್ನು ಗ್ರಂಥದಿಂದ ನಿರ್ಣಯಿಸಲು ಬಾರದು. ಅವನನ್ನು ತಿಳಿಯುವುದಕ್ಕೆ ಬೇಕಾದ ಪುಟಗಳನ್ನೇ ತಾಯಿಯು ಬರೆಯಲಿಲ್ಲ. ಹದಿಹರೆಯದಲ್ಲಿ ಅವನು ಶಾಲೆಯಿಂದ ಓಡಿಹೋದಾಗ, ಹುಡುಕಿಕೊಟ್ಟವರಿಗೆ ಬಹುಮಾನವೆಂದು ಲಂಡನ್ನಿನ ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂದಿತು. ಗುರುತು ಹಿಡಿಯಲು ಅದರಲ್ಲಿ ಕೊಟ್ಟ ಕುರುಹು: ಎರಡು ತೋಳುಗಳಲ್ಲಿಯೂ ಮಣಿಕಟ್ಟಿನ ಮೇಲೆ ಒಂದೊಂದು ಸಣ್ಣ ದುಂಡನೆಯ ಕಲೆ, ಸಿಡುಬಿನ ಕಲೆಯಂಥದು.